ಅಕ್ಷರಕ್ಕೊಂದು ಬೀಗ, ಬೀಗಕ್ಕೊಂದು ಕೀಲಿಕೈ

ಗುಟ್ಟಿನ ಬರಹ ರಾಜಮಹಾರಾಜರ ಕಾಲಕ್ಕೇ ಮುಗಿದುಹೋದ ಕತೆಯಲ್ಲ. ಬ್ಯಾಂಕಿನ ಖಾತೆ, ಹೊಲದ ಪಹಣಿ, ಮೊಬೈಲ್ ಸಂದೇಶ ಎಲ್ಲವೂ ಇಂದು ಗೂಢಲಿಪಿಯ ಆಶ್ರಯದಲ್ಲಿವೆ. ಅದರ ತಿರುಳನ್ನು ಅರಿಯಲು ದೊಡ್ಡ ಗಣಕಯಂತ್ರವೇನೂ ಬೇಡ. ಕನ್ನಡ ವರ್ಣಮಾಲೆ, ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು ಕನ್ನಡ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಅಲ್ಲಿನ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಹದಿನಾರು ಸಾಲುಗಳ ಆ ಬರಹದ ಮುಂದೆ ಇಂದಿನ ಹೈಸ್ಕೂಲು ಹುಡುಗನನ್ನು ನಿಲ್ಲಿಸಿದರೆ ಒಂದು ಪದವನ್ನೂ ಸರಾಗವಾಗಿ ಓದಲಾರ. ಹಾಗಾದರೆ ಅದು ಗುಪ್ತ ಬರಹವೇ? ಖಂಡಿತ ಅಲ್ಲ. ಕಲ್ಲಿನ ಮೇಲೆ ಕೆತ್ತಿಸಿ ಊರ ಮುಂದೆ ನಿಲ್ಲಿಸಿದ್ದೇ ಎಲ್ಲರಿಗೂ ತಿಳಿಯಲೆಂದು. ಕಾಲ ಕಳೆದಂತೆ ಲಿಪಿ ಬದಲಾಯಿತು, ಭಾಷೆ ಬದಲಾಯಿತು. ಓದುವವರು ದೂರ ಸರಿದರು, ಅಷ್ಟೇ.

ಬಚ್ಚಿಡಬೇಕೆಂದೇ ಬರೆದದ್ದು ಬೇರೆ ಬಗೆಯದು. ಅದರಲ್ಲಿ ಮೂರು ಅಂಗಗಳಿರುತ್ತವೆ: ಎಲ್ಲರಿಗೂ ಅರ್ಥವಾಗುವ ಮೂಲ ಸಂದೇಶ, ಅದನ್ನು ರೂಪಾಂತರಿಸುವ ಕ್ರಮವಿಧಿ, ಕಳಿಸುವವರಿಗೆ ಮತ್ತು ಪಡೆಯುವವರಿಗೆ ಮಾತ್ರ ಗೊತ್ತಿರುವ ಕೀಲಿಕೈ. ಸಂದೇಶವನ್ನು ಗೂಢಲಿಪಿಗೆ ಇಳಿಸುವುದು ಎನ್‌ಕ್ರಿಪ್ಷನ್. ಅದನ್ನು ಬಿಡಿಸಿ ಮೂಲಕ್ಕೆ ತರುವುದು ಡಿಕ್ರಿಪ್ಷನ್. ಹೊಸ ಕ್ರಮವಿಧಿ ಕಟ್ಟಲು ಹೊರಟ ವಿದ್ಯಾರ್ಥಿ ಈ ಮೂರನ್ನು ಬೇರೆ ಬೇರೆಯಾಗಿ ಕಾಣಲು ಕಲಿಯುವುದೇ ಮೊದಲ ಪಾಠ.

ಸಂಕೇತ ಬೇರೆ, ಗುಟ್ಟು ಬೇರೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದವರು ಅದರ ಸಂಕ್ಷಿಪ್ತ ಹೆಸರನ್ನು ಟಿಕೆಟ್ಟಿನ ಮೇಲೆ ನೋಡಿರಬಹುದು: ‘ಎ, ಎಸ್, ಕೆ’. ರೈಲ್ವೆಯ ಇಂಥ ಹೆಸರುಗಳಲ್ಲಿ ಗುಟ್ಟೇನೂ ಇಲ್ಲ. ಉದ್ದದ ಹೆಸರನ್ನು ಚಿಕ್ಕದಾಗಿಸುವುದಷ್ಟೇ ಉದ್ದೇಶ. ಇದು ಸಂಕೇತ, ಗೂಢಲಿಪಿಯಲ್ಲ.

ನಮ್ಮ ನಾಡಿನ ಸಂಗೀತಗಾರರು ಬಳಸುವ ಕಟಪಯಾದಿ ಪದ್ಧತಿಯೂ ಹೀಗೆಯೇ. ಅದರಲ್ಲಿ ಕ, ಟ, ಪ, ಯ ಎಂಬ ನಾಲ್ಕು ಅಕ್ಷರಗಳಿಗೆ ಒಂದು ಎಂಬ ಬೆಲೆ. ಅಲ್ಲಿಂದ ಮುಂದಿನ ಅಕ್ಷರಗಳಿಗೆ ಎರಡು, ಮೂರು ಎಂದು ಬೆಲೆ ಏರುತ್ತ ಹೋಗುತ್ತದೆ; ಞ ಮತ್ತು ನ ಸೊನ್ನೆ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಆಯಾ ರಾಗದ ಸಂಖ್ಯೆ ಅಡಗಿದೆ. ಸಂಗೀತದ ಮೊದಲ ಪಾಠಗಳು ನಡೆಯುವ ಮಾಯಾಮಾಳವಗೌಳವನ್ನೇ ನೋಡಿ. ‘ಮ’ ಐದು, ‘ಯ’ ಒಂದು. 51ನ್ನು ತಿರುಗಿಸಿದರೆ 15. ಅದು ಹದಿನೈದನೆಯ ಮೇಳ. ಮೇಚಕಲ್ಯಾಣಿಯಲ್ಲಿ ‘ಮ’ ಐದು, ‘ಚ’ ಆರು, ತಿರುಗಿಸಿದರೆ 65. ಧೀರಶಂಕರಾಭರಣದಲ್ಲಿ ಒಂಬತ್ತು, ಎರಡು, ಅಂದರೆ 29. ಎಷ್ಟು ಚೆಂದದ ಜಾಣ್ಮೆ! ಆದರೆ ನಿಯಮ ಬಲ್ಲ ಯಾರು ಬೇಕಾದರೂ ಬಿಡಿಸಬಲ್ಲರು. ಕೀಲಿಕೈ ಎಂಬುದೇ ಇಲ್ಲಿಲ್ಲ. ನೆನಪಿಗೆ ಇದು ಒದಗುತ್ತದೆ, ಗುಟ್ಟಿಗೆ ಒದಗದು.

ಹಳೆಯ ಕನ್ನಡ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ನೋಡಿ ‘ಯಾರೂ ಓದಲಾರರು’ ಎಂದು ನಿಶ್ಚಿಂತೆಯಿಂದ ಇರುವುದೂ ಇಂಥದೇ ತಪ್ಪು. ಓದಲು ಬಾರದ್ದೆಲ್ಲ ಭದ್ರವಲ್ಲ.

ಮೂಲದೇವನ ಜೋಡಿ ಅಕ್ಷರ

ನಿಜವಾದ ಗುಟ್ಟಿನ ಬರಹ ಭಾರತಕ್ಕೆ ಹೊಸದಲ್ಲ. ವಾತ್ಸ್ಯಾಯನ ಪಟ್ಟಿಮಾಡಿದ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ ಎಂಬುದೂ ಒಂದು. ಮಾತನ್ನು ಇತರರಿಗೆ ತಿಳಿಯದಂತೆ ಬದಲಿಸಿ ಹೇಳುವ ಕಲೆ ಅದು. ವಾತ್ಸ್ಯಾಯನನ ಗ್ರಂಥಕ್ಕೆ ಯಶೋಧರ ಬರೆದ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಮೂಲದೇವನ ಹೆಸರಿನ ಒಂದು ವಿಧಾನ ಬರುತ್ತದೆ. ಆ ವ್ಯಾಖ್ಯಾನ ಸುಮಾರು ಹದಿಮೂರನೆಯ ಶತಮಾನದ್ದೆಂದು ಹೇಳುತ್ತಾರೆ. ದ್ವಾರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳರು ಆಳುತ್ತಿದ್ದ ಕಾಲ.

ವಿಧಾನ ಬಲು ಸರಳ. ಅಕ್ಷರಗಳನ್ನು ಜೋಡಿ ಮಾಡಬೇಕು: ಅ–ಕ, ಖ–ಗ, ಘ–ಙ, ಚ–ಟ, ತ–ಪ, ಞ–ಣ, ನ–ಮ, ರ–ಷ, ಲ–ಸ, ಯ–ಶ. ಜೋಡಿಯಲ್ಲಿ ಒಂದು ಬಂದರೆ ಇನ್ನೊಂದನ್ನು ಬರೆಯಬೇಕು. ಉಳಿದ ಅಕ್ಷರಗಳು ಇದ್ದಂತೆಯೇ. ‘ತಲೆ’ ಎಂಬುದು ‘ಪಸೆ’ ಆಗುತ್ತದೆ. ‘ಮನೆ’ ಎಂಬುದು ‘ನಮೆ’ ಆಗುತ್ತದೆ. ‘ಪಸೆ’ಗೆ ಅದೇ ನಿಯಮವನ್ನು ಮತ್ತೊಮ್ಮೆ ಹಚ್ಚಿದರೆ ‘ತಲೆ’ ಮರಳಿ ಬರುತ್ತದೆ. ಬೀಗ ಹಾಕಲು, ತೆಗೆಯಲು ಎರಡಕ್ಕೂ ಒಂದೇ ಕ್ರಮ! ಈ ಗುಣ ಇಂದಿನ ಗಣಕದೊಳಗೂ ಬಳಕೆಯಲ್ಲಿದೆ. ಅದನ್ನು ಮುಂದೆ ನೋಡೋಣ.

ಇದರ ಕೊರತೆಯೂ ಸ್ಪಷ್ಟ. ಜೋಡಿಗಳು ಎಂದೆಂದಿಗೂ ಒಂದೇ. ಒಬ್ಬನಿಗೆ ತಿಳಿದರೆ ಊರಿಗೆಲ್ಲ ತಿಳಿದಂತೆ. ಹಾಗಾಗಿ ಬದಲಿಸಬಹುದಾದ ಕೀಲಿಕೈ ಬೇಕಾಯಿತು.

ಬೇಲೂರು ‘ಯೇಷೂಶು’ ಆದ ಬಗೆ

ಕನ್ನಡದ ವ್ಯಂಜನಗಳನ್ನು ಕ್ರಮವಾಗಿ ಬರೆದು ಸಂಖ್ಯೆ ಕೊಡಿ. ‘ಕ’ದಿಂದ ‘ಮ’ದವರೆಗೆ 25 ವರ್ಗೀಯ ವ್ಯಂಜನಗಳು; ಆಮೇಲೆ ಯ 26, ರ 27, ಲ 28, ವ 29, ಶ 30, ಷ 31, ಸ 32, ಹ 33, ಳ 34. ಈಗ ಕೀಲಿಕೈ 3 ಎಂದಿಟ್ಟುಕೊಳ್ಳಿ. ಪ್ರತಿಯೊಂದು ವ್ಯಂಜನವನ್ನೂ ಮೂರು ಮನೆ ಮುಂದಕ್ಕೆ ಸರಿಸಬೇಕು. ‘ಳ’ ದಾಟಿದರೆ ಮತ್ತೆ ‘ಕ’ದಿಂದ ಎಣಿಸಬೇಕು. ಗುಣಿತದ ಚಿಹ್ನೆಗಳು ಇದ್ದಲ್ಲೇ ಇರಲಿ.

‘ಬೇಲೂರು’ ತೆಗೆದುಕೊಳ್ಳಿ. ‘ಬ’ 23, ಅದು 26 ಆಗಿ ‘ಯ’. ‘ಲ’ 28, ಅದು 31 ಆಗಿ ‘ಷ’. ‘ರ’ 27, ಅದು 30 ಆಗಿ ‘ಶ’. ಬೇಲೂರು ‘ಯೇಷೂಶು’ ಆಯಿತು. ಹಳೇಬೀಡು ‘ಖಗೇಯೀತು’ ಆಗುತ್ತದೆ. ಅರಸೀಕೆರೆ ‘ಅಶಕೀಘೆಶೆ’ ಆಗುತ್ತದೆ. ಬಿಡಿಸಲು ಮೂರು ಮನೆ ಹಿಂದಕ್ಕೆ ಬಂದರಾಯಿತು. ರೋಮಿನ ಜೂಲಿಯಸ್ ಸೀಸರ್ ಬಳಸುತ್ತಿದ್ದ ವಿಧಾನವೂ ಇದೇ ಜಾತಿಯದು.

ಇದು ಎಷ್ಟು ಭದ್ರ? ಪರೀಕ್ಷಿಸಲು ಕೀಲಿಕೈ ಬೇಕೇ ಇಲ್ಲ. ಒಂದರಿಂದ 33ರವರೆಗೆ ಒಂದೊಂದನ್ನೇ ಹಾಕಿ ನೋಡಿದರೆ ಯಾವುದೋ ಒಂದರಲ್ಲಿ ಕನ್ನಡ ಪದ ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ಮಾಡಿದರೆ ಅರ್ಧ ತಾಸಿನ ಕೆಲಸ. ಗಣಕಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯದು.

‘ಹಾಗಾದರೆ ಸರಿಸುವುದೇ ಬೇಡ, 34 ವ್ಯಂಜನಗಳನ್ನು ಮನಬಂದಂತೆ ಕಲಸಿ ಪಟ್ಟಿ ಮಾಡೋಣ’ ಎಂದು ಚುರುಕಾದ ವಿದ್ಯಾರ್ಥಿ ಹೇಳಬಹುದು. ಒಳ್ಳೆಯ ಯೋಚನೆ. ಹಾಗೆ ಮಾಡಬಹುದಾದ ಪಟ್ಟಿಗಳ ಸಂಖ್ಯೆ 39 ಅಂಕಿಗಳಷ್ಟು ದೊಡ್ಡದು. ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ ಯುಗಗಳೇ ಕಳೆದಾವು. ಆದರೂ ಈ ಬೀಗ ಒಂದು ಸಂಜೆಯೊಳಗೆ ಬಿಚ್ಚಿಕೊಳ್ಳುತ್ತದೆ!

ಕಾರಣ, ಭಾಷೆಯ ನಡೆ. ಕನ್ನಡದಲ್ಲಿ ದ, ರ, ನ, ಲ ಮತ್ತೆ ಮತ್ತೆ ಬರುತ್ತವೆ. ಙ, ಞ, ಝ ತೀರ ಅಪರೂಪ. ಗೂಢಲಿಪಿಯಲ್ಲಿ ಯಾವ ಅಕ್ಷರ ಹೆಚ್ಚು ಸಲ ಬಂದಿದೆಯೆಂದು ಎಣಿಸಿದರೆ ಸುಳಿವು ಸಿಕ್ಕಿಬಿಡುತ್ತದೆ. ಅದರ ಜೊತೆಗೆ ನಮ್ಮ ಒತ್ತಕ್ಷರಗಳು ಚಾಡಿ ಹೇಳುತ್ತವೆ. ಕೀಲಿಕೈ 3ರಲ್ಲಿ ‘ಬೇಲೂರಿನಲ್ಲಿ’ ಎಂಬುದು ‘ಯೇಷೂಶಿಬಷ್ಷಿ’ ಆಗುತ್ತದೆ. ವಾಕ್ಯ ವಾಕ್ಯಕ್ಕೂ ಪದದ ಕೊನೆಯಲ್ಲಿ ಒಂದೇ ದ್ವಿತ್ವಾಕ್ಷರ ಬರುತ್ತಿದ್ದರೆ ಅದು ‘ಲ್ಲಿ’ ಎಂದು ಊಹಿಸಲು ಪಂಡಿತನೇ ಬೇಕಿಲ್ಲ. ಅಕ್ಷರಗಳ ಎಣಿಕೆಯಿಂದ ಗೂಢಲಿಪಿಯನ್ನು ಒಡೆಯುವ ಈ ಉಪಾಯವನ್ನು ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ಬರೆದಿಟ್ಟಿದ್ದ.

ದುರ್ಬಲ ಬೀಗವನ್ನು ನಂಬಿ ಕೆಟ್ಟವರಿಗೆ ಇತಿಹಾಸದಲ್ಲಿ ಕೊರತೆಯಿಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿ ಸೆರೆಯಲ್ಲಿದ್ದಾಗ ಗೂಢಲಿಪಿಯಲ್ಲಿ ಪತ್ರ ಬರೆಯುತ್ತಿದ್ದಳು. ಇಂಗ್ಲೆಂಡಿನ ರಾಣಿಯ ಕಡೆಯವರು ಆ ಲಿಪಿಯನ್ನು ಒಡೆದರು. 1587ರಲ್ಲಿ ಮೇರಿಯ ತಲೆ ಉರುಳಿತು. ಬೀಗವೇ ಇಲ್ಲವೆಂದು ಗೊತ್ತಿದ್ದರೆ ಮನುಷ್ಯ ಎಚ್ಚರದಿಂದಿರುತ್ತಾನೆ. ಕೆಟ್ಟ ಬೀಗ ಆ ಎಚ್ಚರವನ್ನೂ ಕಸಿದುಕೊಳ್ಳುತ್ತದೆ.

‘ಗಜ’ ಎಂಬ ಕೀಲಿಕೈ

ಎಣಿಕೆಯ ಉಪಾಯವನ್ನು ಸೋಲಿಸುವುದು ಹೇಗೆ? ಒಂದೇ ಅಕ್ಷರ ಒಮ್ಮೆ ಒಂದಾಗಿ, ಇನ್ನೊಮ್ಮೆ ಬೇರೊಂದಾಗಿ ಬದಲಾಗಬೇಕು. ಅದಕ್ಕೆ ಸಂಖ್ಯೆಯ ಬದಲು ಪದವನ್ನೇ ಕೀಲಿಕೈ ಮಾಡಬಹುದು. ಹಳೇಬೀಡಿನ ದೇಗುಲದ ತಳಸಾಲಿನಲ್ಲಿ ಆನೆಗಳಿವೆಯಲ್ಲ, ಅವುಗಳ ನೆನಪಿಗೆ ‘ಗಜ’ ಎಂಬ ಪದವನ್ನು ಆರಿಸೋಣ. ‘ಗ’ 3, ‘ಜ’ 8. ಮೊದಲ ವ್ಯಂಜನವನ್ನು ಮೂರು ಮನೆ, ಎರಡನೆಯದನ್ನು ಎಂಟು ಮನೆ, ಮೂರನೆಯದನ್ನು ಮತ್ತೆ ಮೂರು ಮನೆ... ಹೀಗೆ ಸರಿಸಬೇಕು.

‘ಅರಸೀಕೆರೆ’ಯಲ್ಲಿ ಎರಡು ‘ರ’ಗಳಿವೆ. ಮೊದಲನೆಯದು ಮೂರು ಮನೆ ಸರಿದು ‘ಶ’ ಆಗುತ್ತದೆ. ಕೊನೆಯದು ಎಂಟು ಮನೆ ಸರಿದು ‘ಕ’ ಆಗುತ್ತದೆ. ಒಟ್ಟು ‘ಅಶಚೀಘೆಕೆ’. ಎಣಿಸುವವನಿಗೆ ಎರಡೂ ಒಂದೇ ಅಕ್ಷರವೆಂದು ಗೊತ್ತಾಗುವುದಿಲ್ಲ. ಯುರೋಪಿನಲ್ಲಿ ಈ ಜಾತಿಯ ಲಿಪಿ ಮುನ್ನೂರು ವರ್ಷಗಳಷ್ಟು ಕಾಲ ಅಭೇದ್ಯವೆಂಬ ಹೆಸರು ಗಳಿಸಿತ್ತು. ಆದರೆ ಕೀಲಿಪದ ಮತ್ತೆ ಮತ್ತೆ ಮರುಕಳಿಸುವುದೇ ಅದರ ದೌರ್ಬಲ್ಯ. ಮರುಕಳಿಸುವ ಅಂತರವನ್ನು ಕಂಡುಹಿಡಿದು ಅದನ್ನು ಒಡೆಯುವ ವಿಧಾನವನ್ನು 1863ರಲ್ಲಿ ಜರ್ಮನಿಯ ಕಾಸಿಸ್ಕಿ ಪ್ರಕಟಿಸಿದ.

ಕೀಲಿಕೈ ಸಂದೇಶದಷ್ಟೇ ಉದ್ದವಿದ್ದು, ಯಾವ ಕ್ರಮವೂ ಇಲ್ಲದೆ ಆರಿಸಿದ್ದಾಗಿದ್ದು, ಒಮ್ಮೆ ಬಳಸಿ ಎಸೆಯುವಂತಿದ್ದರೆ? ಆಗ ಅದನ್ನು ಯಾರೂ ಒಡೆಯಲಾರರೆಂದು ಅಮೆರಿಕದ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗಣಿತದ ಮೂಲಕವೇ ತೋರಿಸಿದರು. ಕಷ್ಟವೇನೆಂದರೆ ಅಷ್ಟುದ್ದದ ಕೀಲಿಕೈಯನ್ನು ಮೊದಲೇ ಗುಟ್ಟಾಗಿ ತಲುಪಿಸಬೇಕು. ಅದನ್ನೇ ತಲುಪಿಸಬಲ್ಲವರು ಸಂದೇಶವನ್ನೇ ತಲುಪಿಸಬಹುದಿತ್ತಲ್ಲ!

ಕೊಬ್ಬರಿ ಮಂಡಿಯ ಸಂದೇಶ

ಅಕ್ಷರವನ್ನು ಬದಲಿಸುವುದು ಒಂದು ದಾರಿ. ಅಕ್ಷರ ಅದೇ ಇದ್ದು ಅದರ ಜಾಗ ಬದಲಿಸುವುದು ಇನ್ನೊಂದು ದಾರಿ. ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಪರವೂರಿನಿಂದ ಮನೆಗೆ ಸುದ್ದಿ ಕಳಿಸಬೇಕಾಗಿದೆ ಎಂದು ಊಹಿಸಿಕೊಳ್ಳಿ. 2013ರ ಜುಲೈನಲ್ಲಿ ನಿಂತುಹೋದ ಹಳೆಯ ತಂತಿಯಲ್ಲಾದರೆ ಅಂಚೆ ಕಚೇರಿಯ ಗುಮಾಸ್ತರು ಓದಿಯೇ ಕಳಿಸಬೇಕಿತ್ತು. ಸಂದೇಶ ಇದು: ‘ನಾಳೆ ಕೊಬ್ಬರಿ ಮಾರಬೇಡ’. ಎಣಿಸಿದರೆ ಒಂಬತ್ತು ಅಕ್ಷರ. ಮೂರು ಸಾಲು, ಮೂರು ಕಂಬಗಳ ಚೌಕದಲ್ಲಿ ಬರೆಯೋಣ.

ನಾ – ಳೆ – ಕೊ
ಬ್ಬ – ರಿ – ಮಾ
ರ – ಬೇ – ಡ

ಅಡ್ಡಡ್ಡ ಓದುವ ಬದಲು ಮೇಲಿನಿಂದ ಕೆಳಕ್ಕೆ ಓದಿದರೆ ‘ನಾಬ್ಬರ ಳೆರಿಬೇ ಕೊಮಾಡ’. ಪಡೆದವರು ಕೆಳಮುಖವಾಗಿ ಬರೆದುಕೊಂಡು ಅಡ್ಡಲಾಗಿ ಓದಿದರೆ ಮುಗಿಯಿತು.

ಇನ್ನೂ ಸುತ್ತುದಾರಿ ಬೇಕೆಂದರೆ ಮಾಯಾಚೌಕದ ನಡೆಯನ್ನು ಬಳಸಬಹುದು. ಮೊದಲ ಅಕ್ಷರ ಮೇಲಿನ ಸಾಲಿನ ನಡುಮನೆಗೆ. ಆಮೇಲೆ ಪ್ರತಿಸಲ ಬಲಕ್ಕೆ ಓರೆಯಾಗಿ ಒಂದು ಮನೆ ಮೇಲಕ್ಕೆ. ಮೇಲೆ ದಾಟಿದರೆ ತಳದಿಂದ, ಬಲಕ್ಕೆ ದಾಟಿದರೆ ಎಡದಿಂದ ಒಳಬರಬೇಕು. ಹೋಗಬೇಕಾದ ಮನೆ ತುಂಬಿದ್ದರೆ ಈಗಿರುವ ಮನೆಯ ಕೆಳಗಿನದಕ್ಕೆ ಇಳಿಯಬೇಕು. ಅದೇ ಸಂದೇಶ ಆಗ ಹೀಗೆ ಕೂರುತ್ತದೆ.

ಬೇ – ನಾ – ಮಾ
ಕೊ – ರಿ – ರ
ಬ್ಬ – ಡ – ಳೆ

ಕನ್ನಡದಲ್ಲಿ ಈ ಮಾತು ಬಂದಾಗ ‘ಸಿರಿಭೂವಲಯ’ವನ್ನು ನೆನೆಯದೆ ಇರಲಾಗದು. ಕುಮುದೇಂದು ಮುನಿಯ ಹೆಸರಿನ ಈ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. ಒಂದರಿಂದ 64ರವರೆಗಿನ ಅಂಕಿಗಳು ಮಾತ್ರ. ಪ್ರತಿ ಅಂಕಿಯೂ ಒಂದೊಂದು ಧ್ವನಿಗೆ ಗುರುತು. ಅಂಕಿಗಳು 27 ಅಡ್ಡಸಾಲು, 27 ಕಂಬಸಾಲುಗಳ ಚಕ್ರಗಳಲ್ಲಿ ಕೂತಿವೆ. ಒಂದು ಚಕ್ರಕ್ಕೆ 729 ಮನೆ. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ನಿಯಮಕ್ಕೆ ‘ಬಂಧ’ವೆಂದು ಹೆಸರು. ಪಂಡಿತ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕೆ. ಅನಂತಸುಬ್ಬರಾಯರ ಶ್ರಮದಿಂದ 1953ರಲ್ಲಿ ಅದರ ಮೊದಲ ಮುದ್ರಣ ಹೊರಬಂದಿತು. ಗ್ರಂಥದ ಕಾಲದ ಬಗ್ಗೆ, ಅದರಲ್ಲಿ ಏನೇನು ಅಡಗಿದೆಯೆಂಬ ಹೇಳಿಕೆಗಳ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಅವರಿಗಿರಲಿ. ವಿದ್ಯಾರ್ಥಿಯ ಕಣ್ಣಿಗೆ ಬೀಳಬೇಕಾದದ್ದು ರಚನೆ: ಧ್ವನಿಯನ್ನು ಅಂಕಿಯಾಗಿ ಬದಲಿಸುವುದು, ಅಂಕಿಯ ಜಾಗವನ್ನು ಬಂಧದಿಂದ ನಿರ್ಧರಿಸುವುದು. ಬದಲಿ ಮತ್ತು ಸ್ಥಳಾಂತರ, ಎರಡೂ ಒಂದೇ ಕಡೆ.

ಗಣಕದೊಳಗಿನ ಬೀಗ

ಈಗ ಗಣಕಕ್ಕೆ ಬರೋಣ. ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಅದು ಬಲ್ಲದ್ದು ಸೊನ್ನೆ ಮತ್ತು ಒಂದು. ಯೂನಿಕೋಡ್ ಪದ್ಧತಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಗುಣಿತದ ಚಿಹ್ನೆಗಳಿಗೂ ಬೇರೆ ಬೇರೆ ಸಂಖ್ಯೆಗಳಿವೆ. ಹಾಗಾಗಿ ‘ಬೇಲೂರು’ ಎಂಬ ಪದ ಗಣಕಕ್ಕೆ ಆರು ಗುರುತುಗಳು. ಸಾಮಾನ್ಯ ಬಳಕೆಯ ಯುಟಿಎಫ್–8 ರೂಪದಲ್ಲಿ 18 ಬೈಟುಗಳು, ಅಂದರೆ 144 ಬಿಟ್ಟುಗಳು. ಕಾಗದದ ಮೇಲೆ ಬಯಲಾಗಿದ್ದ ಗುಣಿತ, ಒತ್ತು ಎಲ್ಲವೂ ಇಲ್ಲಿ ಸೊನ್ನೆ ಒಂದುಗಳಲ್ಲಿ ಕರಗಿಹೋಗುತ್ತವೆ.

ಮೂಲದೇವನ ಜೋಡಿಯ ಗುಣ ಇಲ್ಲಿ ಮತ್ತೆ ಬರುತ್ತದೆ. ಎರಡು ಬಿಟ್ಟುಗಳನ್ನು ಹೋಲಿಸಿ, ಒಂದೇ ಆಗಿದ್ದರೆ ಸೊನ್ನೆ, ಬೇರೆಯಾಗಿದ್ದರೆ ಒಂದು ಬರೆಯುವ ಕ್ರಿಯೆಗೆ ‘ಎಕ್ಸಾರ್’ ಎನ್ನುತ್ತಾರೆ. ಸಂದೇಶ 1011, ಕೀಲಿಕೈ 0110 ಆದರೆ ಫಲ 1101. ಅದಕ್ಕೆ ಅದೇ ಕೀಲಿಕೈಯನ್ನು ಮತ್ತೆ ಹಚ್ಚಿದರೆ 1011! ಹಾಕಲೂ ತೆಗೆಯಲೂ ಒಂದೇ ಕ್ರಮ.

ಜಗತ್ತಿನಾದ್ಯಂತ ಬ್ಯಾಂಕುಗಳೂ ಸರ್ಕಾರಗಳೂ ನಂಬಿರುವ ‘ಎಇಎಸ್’ ಎಂಬ ಕ್ರಮವಿಧಿ 2001ರಲ್ಲಿ ಅಮೆರಿಕದ ಮಾನಕವಾಯಿತು. ಅದನ್ನು ರೂಪಿಸಿದವರು ಬೆಲ್ಜಿಯಮ್ಮಿನ ಡೇಮನ್ ಮತ್ತು ರೈಮನ್. 16 ಬೈಟುಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕದಲ್ಲಿ ಕೂರಿಸಿ ಕೆಲಸ ಶುರು. ಮೊದಲು ಪ್ರತಿ ಬೈಟನ್ನೂ ಪಟ್ಟಿಯ ಪ್ರಕಾರ ಬದಲಿಸುವುದು. ಆಮೇಲೆ ಸಾಲುಗಳನ್ನು ಸರಿಸುವುದು. ಆಮೇಲೆ ಕಂಬಗಳನ್ನು ಒಳಗೊಳಗೇ ಬೆರೆಸುವುದು. ಕೊನೆಗೆ ಕೀಲಿಕೈಯನ್ನು ಎಕ್ಸಾರ್ ಮಾಡುವುದು. 128 ಬಿಟ್ಟಿನ ಕೀಲಿಕೈಯಾದರೆ ಇಂಥ ಹತ್ತು ಸುತ್ತು. ಕೊನೆಯ ಸುತ್ತಿನಲ್ಲಿ ಮಾತ್ರ ಬೆರೆಸುವ ಕೆಲಸವಿಲ್ಲ. ಹಾಳೆಯ ಮೇಲೆ ಮಾಡಿದ ಬದಲಿ ಮತ್ತು ಸ್ಥಳಾಂತರಗಳೇ ಇಲ್ಲಿಯೂ ಇವೆ. ಹೊಯ್ಸಳ ದೇಗುಲಗಳ ನಕ್ಷತ್ರಾಕಾರದ ತಳವಿನ್ಯಾಸ ಒಂದೇ ಚೌಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಗೆರೆ ಎಳೆದುದರಿಂದ ಹುಟ್ಟುತ್ತದೆ. ಹಾಗೆಯೇ ಇಲ್ಲಿಯೂ, ಸರಳ ಹೆಜ್ಜೆಯ ಪುನರಾವರ್ತನೆಯಿಂದ ಸಂಕೀರ್ಣತೆ.

ಸ್ವಾರಸ್ಯದ ಸಂಗತಿಯೊಂದಿದೆ. 128 ಬಿಟ್ಟಿನ ಕೀಲಿಕೈಗಳ ಒಟ್ಟು ಸಂಖ್ಯೆಯೂ 39 ಅಂಕಿಗಳದ್ದೇ. 34 ವ್ಯಂಜನಗಳನ್ನು ಕಲಸಿದ ಪಟ್ಟಿಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ. ಆದರೂ ಒಂದು ಸಂಜೆಯಲ್ಲಿ ಒಡೆಯುತ್ತದೆ, ಇನ್ನೊಂದನ್ನು ಜಗತ್ತಿನ ಗಣಕಗಳೆಲ್ಲ ಸೇರಿದರೂ ಒಂದೊಂದೇ ಕೈ ಹಾಕಿ ನೋಡಿ ತೆರೆಯಲಾರವು. ಕೀಲಿಕೈಗಳು ಕಡಿಮೆಯಿದ್ದರೆ ಬೀಗ ಖಂಡಿತ ದುರ್ಬಲ. 1977ರಲ್ಲಿ ಮಾನಕವಾಗಿದ್ದ 56 ಬಿಟ್ಟಿನ ‘ಡಿಇಎಸ್’ ಅನ್ನು 1998ರಲ್ಲಿ ವಿಶೇಷ ಯಂತ್ರವೊಂದು 56 ಗಂಟೆಗಳಲ್ಲಿ ಒಡೆದುಹಾಕಿತು. ಆದರೆ ಕೀಲಿಕೈಗಳು ಹೆಚ್ಚಿದ್ದ ಮಾತ್ರಕ್ಕೆ ಬೀಗ ಗಟ್ಟಿಯಾಗದು; ಭಾಷೆಯ ಗುರುತುಗಳು ಹೊರಗೆ ಸೋರದಂತೆ ಕ್ರಮವಿಧಿಯೂ ಇರಬೇಕು.

ಎರಡು ಕೈಗಳ ಬೀಗ

ಅಪರಿಚಿತರಿಬ್ಬರು ಮೊದಲೇ ಭೇಟಿಯಾಗದೆ ಗುಟ್ಟಿನ ಕೀಲಿಕೈಯನ್ನು ಹಂಚಿಕೊಳ್ಳುವುದು ಹೇಗೆ? ಬೇಲೂರಿನ ಅಂಗಡಿಯವರು ಬೆಂಗಳೂರಿನ ಬ್ಯಾಂಕಿನ ಗಣಕದ ಜೊತೆ ಮಾತಾಡಬೇಕಲ್ಲ? ಈ ಗಂಟನ್ನು ಬಿಡಿಸುವ ದಾರಿಯನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ತೋರಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ರೂಪಿಸಿದ ‘ಆರ್‌ಎಸ್‌ಎ’ ವಿಧಾನದಲ್ಲಿ ಬೀಗಕ್ಕೆ ಎರಡು ಕೈಗಳು: ಹಾಕುವ ಕೈ ಊರಿಗೆಲ್ಲ ಗೊತ್ತು, ತೆಗೆಯುವ ಕೈ ಒಡೆಯನ ಬಳಿ ಮಾತ್ರ.

ಹೈಸ್ಕೂಲಿನ ಗಣಿತದಲ್ಲೇ ಇದನ್ನು ಮಾಡಿ ನೋಡಬಹುದು. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, 33. ಎರಡರಿಂದಲೂ ಒಂದೊಂದು ಕಳೆದು ಗುಣಿಸಿದರೆ 2 × 10, ಅಂದರೆ 20. ಈಗ ಗುಣಲಬ್ಧವನ್ನು 20ರಿಂದ ಭಾಗಿಸಿದಾಗ ಶೇಷ 1 ಬರುವ ಎರಡು ಸಂಖ್ಯೆಗಳು ಬೇಕು. 7 ಮತ್ತು 3 ಆಗುತ್ತವೆ; 7 × 3 = 21. ‘33 ಮತ್ತು 7’ ಬಹಿರಂಗ, 3 ಗುಟ್ಟು. ಸಂದೇಶ 4 ಎಂದಿರಲಿ. 4ರ ಏಳನೆಯ ಘಾತ 16384; ಅದನ್ನು 33ರಿಂದ ಭಾಗಿಸಿದರೆ ಶೇಷ 16. ಈ 16 ಗೂಢಲಿಪಿ. ಪಡೆದವರು 16ರ ಮೂರನೆಯ ಘಾತ 4096ನ್ನು 33ರಿಂದ ಭಾಗಿಸಿದರೆ ಶೇಷ 4. ಸಂದೇಶ ಮರಳಿ ಬಂತು!

33ನ್ನು ಒಡೆದು 3 ಮತ್ತು 11 ಎಂದು ಹೇಳಲು ಎಷ್ಟು ಹೊತ್ತು? ಹಾಗಾಗಿ ಈ ಪುಟ್ಟ ಬೀಗ ಕಲಿಕೆಗೆ ಮಾತ್ರ. ನಿಜ ಬಳಕೆಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 617 ಅಂಕಿಗಳಷ್ಟು ಉದ್ದವಿರುತ್ತದೆ. ಅದನ್ನು ಅಪವರ್ತಿಸುವುದು ಇಂದಿನ ಗಣಕಗಳ ಶಕ್ತಿಗೆ ಮೀರಿದ್ದು. ದೊಡ್ಡ ಕ್ವಾಂಟಮ್ ಗಣಕ ಬಂದರೆ ಇದೂ ಒಡೆಯುತ್ತದೆಂದು 1994ರಲ್ಲೇ ಪೀಟರ್ ಶೋರ್ ತೋರಿಸಿದ್ದರು. ಅದಕ್ಕೆ ಮುಂಜಾಗ್ರತೆಯಾಗಿ 2024ರಲ್ಲಿ ಅಮೆರಿಕ ಹೊಸ ಮಾನಕಗಳನ್ನು ಪ್ರಕಟಿಸಿತು.

ದಾಸೋಜನ ಸಹಿ, ಪಹಣಿಯ ಸಹಿ

ಎರಡು ಕೈಗಳ ಬೀಗದಿಂದ ಇನ್ನೊಂದು ಉಪಕಾರವಿದೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರು ಕೆತ್ತಿದ್ದಾರೆ. ‘ಇದು ನನ್ನ ಕೆಲಸ’ ಎಂಬ ಸಹಿ ಅದು. ಕಲ್ಲಿನ ಹೆಸರನ್ನು ಇನ್ನೊಬ್ಬ ನಕಲು ಮಾಡಬಹುದು. ಗಣಿತದ ಸಹಿಯನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ.

ಮೇಲಿನ ಲೆಕ್ಕದಲ್ಲೇ ನೋಡಿ. ಒಡೆಯ ತನ್ನ ಗುಟ್ಟಿನ 3ನ್ನು ಬಳಸಿ 4ಕ್ಕೆ ಸಹಿ ಹಾಕುತ್ತಾನೆ: 4ರ ಮೂರನೆಯ ಘಾತ 64, 33ರಿಂದ ಭಾಗಿಸಿದರೆ ಶೇಷ 31. ಈಗ ಯಾರು ಬೇಕಾದರೂ ಬಹಿರಂಗವಾದ 7ನ್ನು ಬಳಸಿ ಪರಿಶೀಲಿಸಬಹುದು: 31ರ ಏಳನೆಯ ಘಾತವನ್ನು 33ರಿಂದ ಭಾಗಿಸಿದರೆ ಶೇಷ 4. ಸಹಿ ಸರಿ. ಸಂದೇಶವನ್ನು ಯಾರಾದರೂ 5 ಎಂದು ತಿದ್ದಿದ್ದರೆ ತಾಳೆಯಾಗುತ್ತಿರಲಿಲ್ಲ.

ಭಾರತದಲ್ಲಿ ಡಿಜಿಟಲ್ ಸಹಿಗೆ ಕಾನೂನಿನ ಮನ್ನಣೆ ಬಂದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಿಂದ. ಆ ಹೊತ್ತಿಗೇ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸುತ್ತಿತ್ತು. ಅರಸೀಕೆರೆಯ ತೆಂಗಿನ ತೋಟವಾಗಲಿ, ಬೇಲೂರಿನ ಕಾಫಿ ತೋಟವಾಗಲಿ, ಇಂದು ಅಂತರ್ಜಾಲದಿಂದ ಪಡೆಯುವ ಪಹಣಿಯ ಮೇಲೆ ಡಿಜಿಟಲ್ ಸಹಿ ಇರುತ್ತದೆ. ಪಹಣಿಯನ್ನು ಬಚ್ಚಿಡುವ ಅಗತ್ಯವಿಲ್ಲ. ಅದರಲ್ಲಿ ಒಂದು ಗುಂಟೆಯನ್ನೂ ಯಾರೂ ತಿದ್ದದಂತೆ ನೋಡಿಕೊಳ್ಳುವುದೇ ಮುಖ್ಯ. ಮಾಹಿತಿಯ ಭದ್ರತೆ ಎಂದರೆ ಬಚ್ಚಿಡುವುದಷ್ಟೇ ಅಲ್ಲ, ಕೆಡದಂತೆ ಕಾಯುವುದೂ ಹೌದು.

ವಿದ್ಯಾರ್ಥಿಗಳು ಮಾಡಿ ನೋಡಲು

ಪಿಯುಸಿಯ ಗಣಕ ವಿಜ್ಞಾನದ ವಿದ್ಯಾರ್ಥಿ ಸಣ್ಣ ಪ್ರೋಗ್ರಾಮಿನಲ್ಲಿ ಇವೆಲ್ಲವನ್ನೂ ಮಾಡಬಹುದು. ಗಣಕವಿಲ್ಲದವರಿಗೆ ಗೆಳೆಯರಿಬ್ಬರು ಮತ್ತು ಹಾಳೆ ಸಾಕು.

ಒಂದು: ಕ್ರಮವಿಧಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ. ಪ್ರತಿ ಹೆಜ್ಜೆಯನ್ನೂ ಹಿಮ್ಮುಖವಾಗಿ ಮಾಡಲು ಬರುತ್ತದೆಯೇ ನೋಡಿ. ಬಾರದಿದ್ದರೆ ಸಂದೇಶ ನಿಮಗೂ ಸಿಗದು.
ಎರಡು: ಕೀಲಿಕೈಗಳು ಎಷ್ಟು ಸಾಧ್ಯವೆಂದು ಎಣಿಸಿ.
ಮೂರು: ನೂರು ಪದಗಳ ಪಾಠವೊಂದನ್ನು ಗೂಢಲಿಪಿಗೆ ಇಳಿಸಿ ಅಕ್ಷರಗಳ ಎಣಿಕೆ ಮಾಡಿ. ಕೆಲವು ಅಕ್ಷರಗಳು ಎದ್ದು ಕಾಣುತ್ತಿದ್ದರೆ ಬೀಗ ದುರ್ಬಲ.
ನಾಲ್ಕು: ಮೊದಲು ಬದಲಿ, ಆಮೇಲೆ ಸ್ಥಳಾಂತರ ಮಾಡಿ, ಎರಡನ್ನೂ ಸೇರಿಸಿದರೆ ಎಣಿಕೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಗಮನಿಸಿ.
ಐದು: ಕ್ರಮವಿಧಿಯನ್ನು ಗೆಳೆಯನಿಗೆ ಪೂರ್ತಿ ಹೇಳಿಬಿಡಿ, ಕೀಲಿಕೈ ಮಾತ್ರ ಹೇಳಬೇಡಿ. ಆಗಲೂ ಅವನು ಬಿಡಿಸಲಾರನೆಂದರೆ ನಿಮ್ಮ ಕೆಲಸ ಗೆದ್ದಿತು.

ಈ ಐದನೆಯದು ಬಹು ಮುಖ್ಯ. ವಿಧಾನ ಶತ್ರುವಿನ ಕೈಸೇರಿದರೂ ಗುಟ್ಟು ಉಳಿಯಬೇಕು, ಎಲ್ಲ ಭಾರವೂ ಕೀಲಿಕೈಯ ಮೇಲಿರಬೇಕು ಎಂದು ಡಚ್ ವಿದ್ವಾಂಸ ಕೆರ್ಕಾಫ್ಸ್ 1883ರಲ್ಲೇ ಹೇಳಿದ್ದರು. ಎಇಎಸ್ ಕ್ರಮವಿಧಿ ಜಗತ್ತಿಗೆಲ್ಲ ಪ್ರಕಟವಾಗಿದೆ. ಸಾವಿರಾರು ತಜ್ಞರು ಒಡೆಯಲು ಯತ್ನಿಸಿ ಸೋತಿರುವುದೇ ಅದರ ಯೋಗ್ಯತಾಪತ್ರ. ಆದ್ದರಿಂದಲೇ ತಾವೇ ಕಟ್ಟಿದ ಬೀಗ ಎಷ್ಟೇ ಚೆಂದವಿದ್ದರೂ ಅದರಲ್ಲಿ ಮನೆಯ ಹಣ, ಜನರ ಮಾಹಿತಿಯನ್ನು ಇಡಬಾರದು. ಕಲಿಯಲು ಸ್ವಂತದ್ದು, ಬಳಸಲು ಪರೀಕ್ಷೆಗೊಳಗಾದದ್ದು.

ಪಾಲಕರಿಗೆ ಒಂದು ಮಾತು

2016ರಲ್ಲಿ ಯುಪಿಐ ಬಂದ ಮೇಲೆ ತರಕಾರಿ ಗಾಡಿಯವರೂ ಮೊಬೈಲಿನಲ್ಲೇ ಹಣ ಪಡೆಯುತ್ತಾರೆ. ಆ ವ್ಯವಹಾರದ ಹಿಂದಿರುವ ಗೂಢಲಿಪಿಯನ್ನು ಒಡೆಯಲು ಕಳ್ಳರು ಹೋಗುವುದಿಲ್ಲ. ಅವರು ಫೋನ್ ಮಾಡುತ್ತಾರೆ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮಗೆ ಬಂದ ಒಟಿಪಿ ಹೇಳಿ’ ಎನ್ನುತ್ತಾರೆ. ಬೀಗ ಒಡೆಯುವ ಶ್ರಮವೇಕೆ, ಕೀಲಿಕೈಯನ್ನೇ ಕೇಳಿ ಪಡೆದರಾಯಿತಲ್ಲ! ಒಟಿಪಿ, ಪಿನ್, ಪಾಸ್‌ವರ್ಡ್ ಇವು ಮೂರೂ ಕೀಲಿಕೈಗಳು. ಯಾವ ಬ್ಯಾಂಕೂ ಅವನ್ನು ಫೋನಿನಲ್ಲಿ ಕೇಳುವುದಿಲ್ಲ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತುವುದು ಕೊಡಲು ಮಾತ್ರ. ಮೋಸವಾಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆಮಾಡಬೇಕು. ತಡಮಾಡಿದಷ್ಟೂ ಹಣ ಕೈಗೆಟುಕದಷ್ಟು ದೂರ ಹೋಗುತ್ತದೆ.

ಮಕ್ಕಳು ‘ಯೇಷೂಶು’, ‘ಅಶಕೀಘೆಶೆ’ ಎಂದು ಹಾಳೆ ತುಂಬ ಗೀಚುತ್ತಿದ್ದರೆ ಕಾಲಹರಣವೆಂದು ಗದರಬೇಕಾಗಿಲ್ಲ. ಕೀಲಿಕೈಗೆ ಎಷ್ಟು ಬೆಲೆಯೆಂಬುದನ್ನು ಅವರು ತಾವಾಗಿಯೇ ಕಲಿಯುತ್ತಿದ್ದಾರೆ. ಸಂಜೆ ಹೊತ್ತು ಅಜ್ಜ ಅಜ್ಜಿಯ ಪಕ್ಕ ಕೂತು, ಬ್ಯಾಂಕಿನ ಹೆಸರಲ್ಲಿ ಬರುವ ಕರೆಗೆ ಏನು ಉತ್ತರ ಕೊಡಬೇಕೆಂದು ಅವರೇ ಹೇಳಿಕೊಡಲಿ. ಆ ಪಾಠ ಯಾವ ಕ್ರಮವಿಧಿಗೂ ಕಡಿಮೆಯದಲ್ಲ.